ದಮ್ಮು ಯಾರಿಗೆ ಬರುತ್ತದೆ?



ಮುಂಗಾರಿನ ಗಾಳಿ ಎದ್ದಿದೆ. ಹೊಲ ಹದ ಮಾಡುವ ಗಡಿಬಿಡಿಯ ನಡುವೆ, ಬೆಳಗಿನ ಪೂಜೆಯಲ್ಲಿ ಹಿಂದಿನ ಸಾಲುಗಳಿಂದ ಕೆಮ್ಮಿನ ಸದ್ದು ಹೆಚ್ಚಾಗಿದೆ. ನಮ್ಮಲ್ಲಿ ಕೆಲವರು ಇದನ್ನು ದಮ್ಮು ಎನ್ನುತ್ತಾರೆ, ಕೆಲವರು ಉಬ್ಬಸ ಎನ್ನುತ್ತಾರೆ, ತೆಲುಗು ಮಾತಾಡುವ ಮನೆಗಳಲ್ಲಿ ಆಯಾಸಂ ಎನ್ನುತ್ತಾರೆ. ವೈದ್ಯರ ಚೀಟಿಯಲ್ಲಿ ಅಸ್ತಮಾ ಎಂದಿರುತ್ತದೆ. ಮನೆಮನೆ ಭೇಟಿಗೆ ಹೋದಾಗ ಈ ಕಾಯಿಲೆಯ ವಿಷಯದಲ್ಲಿ ನನ್ನನ್ನು ಕೇಳುವ ಪ್ರಶ್ನೆ ಔಷಧಿಯದ್ದಲ್ಲ. "ಫಾದರ್, ನಮ್ಮ ಮನೆಗೇ ಯಾಕೆ ಬಂತು?" ಎಂಬುದು ಒಂದು. ಇನ್ನೊಂದನ್ನು ಸೊಸೆ ಅಡುಗೆಮನೆಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಕೇಳುತ್ತಾರೆ: "ಇದು ಅವಳ ತವರುಮನೆ ಕಡೆಯಿಂದ ಬಂದದ್ದಲ್ಲವೇ?" ಈ ಪ್ರಶ್ನೆಯಿಂದ ಮುರಿದುಬಿದ್ದ ಮದುವೆ ಮಾತುಕತೆಗಳಿವೆ. ಹೆಣ್ಣಿಗೆ ದಮ್ಮು ಇರುವುದನ್ನು ಮುಚ್ಚಿಟ್ಟು ಮದುವೆ ಮಾಡಿ, ಆಮೇಲೆ ಆಕೆ ಅತ್ತೆಮನೆಯಲ್ಲಿ ಇನ್‌ಹೇಲರ್ ಅನ್ನು ಸೀರೆಗಳ ಅಡಿಯಲ್ಲಿ ಬಚ್ಚಿಟ್ಟುಕೊಳ್ಳುವ ಸ್ಥಿತಿಯೂ ಇದೆ. ಆದ್ದರಿಂದ ಈ ಸಲದ ಅಂಕಣದಲ್ಲಿ, ಈ ಕಾಯಿಲೆ ಯಾರಿಗೆ ಬರುವ ಸಂಭವ ಹೆಚ್ಚು, ಅದರಲ್ಲಿ ನಮ್ಮ ಕೈಯಲ್ಲಿರುವುದು ಎಷ್ಟು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಹೊಲದ ಒಂದು ಸಂಗತಿ. 2000ನೇ ಇಸವಿಯ ಮುಂಗಾರನ್ನು ನಮ್ಮ ರೈತಬಂಧುಗಳಲ್ಲಿ ವಯಸ್ಸಾದವರು ಮರೆತಿರಲಾರರು. ಆ ವರ್ಷ ಅನಂತಪುರ ಜಿಲ್ಲೆಯಲ್ಲಿ ಶೇಂಗಾ ಗಿಡಗಳ ಕುಡಿ ಸುಟ್ಟಂತಾಗಿ, ಕಾಂಡ ಕಪ್ಪಾಗಿ, ಗಿಡ ನಿಂತಲ್ಲೇ ಸತ್ತವು. (ಮಡಕಶಿರದ ಕಡೆಯವರು ಕಡ್ಲೆಕಾಯಿ ಎಂದು ಓದಿಕೊಳ್ಳಲಿ.) ಸುಮಾರು 2,25,000 ಹೆಕ್ಟೇರ್ ಬೆಳೆಗೆ ರೋಗ ತಗಲಿತು. ನಷ್ಟ 300 ಕೋಟಿ ರೂಪಾಯಿ ದಾಟಿತು ಎಂದು ಅಂದಾಜು ಮಾಡಿದರು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಹುಡುಕಿ ನೋಡಿದಾಗ ಅದು ಒಂದು ವೈರಸ್ ರೋಗವೆಂದು ತಿಳಿಯಿತು. ಆ ವೈರಸ್ಸಿನ ತವರು ಯಾವುದು ಗೊತ್ತೇ? ನಮ್ಮ ಬದುಗಳ ಮೇಲೆ, ರಸ್ತೆಯ ಪಕ್ಕದಲ್ಲಿ, ಬೀಳು ನೆಲದಲ್ಲಿ ಬಿಳಿ ಹೂ ಬಿಟ್ಟು ನಿಂತಿರುವ ಪಾರ್ಥೇನಿಯಂ. ಕನ್ನಡದಲ್ಲಿ ಕಾಂಗ್ರೆಸ್ ಗಿಡ, ತೆಲುಗಿನಲ್ಲಿ ವಯ್ಯಾರಿಭಾಮ. ವೈರಸ್ ಒಳಗಿದ್ದರೂ ಆ ಗಿಡಕ್ಕೆ ಏನೂ ಆಗುವುದಿಲ್ಲ, ಹಸಿರಾಗಿಯೇ ಇರುತ್ತದೆ. ಅದರ ಹೂವಿನ ಪರಾಗ ಗಾಳಿಯಲ್ಲಿ ಹಾರಿ ಶೇಂಗಾ ಎಲೆಯ ಮೇಲೆ ಬೀಳುತ್ತದೆ, ತಾಮರ ಪುರುಗು ಎನ್ನುವ ಥ್ರಿಪ್ಸ್ ಹುಳುವಿನ ಮೈಗೂ ಅಂಟಿಕೊಂಡು ಬರುತ್ತದೆ. ಹುಳು ಎಲೆಯನ್ನು ಗೀರಿ ರಸ ಹೀರುವಾಗ ಆದ ಗಾಯದ ಮೂಲಕ ವೈರಸ್ ಒಳಗೆ ನುಗ್ಗುತ್ತದೆ.

ಗಮನಿಸಿ, ಇಲ್ಲಿ ಮೂರು ಕೂಡಬೇಕಾಯಿತು. ರೋಗವನ್ನು ತಡೆಯಲಾಗದ ಗಿಡ ಒಂದು, ಗಾಳಿಯಲ್ಲಿ ಬರುವ ವಸ್ತು ಎರಡು, ಬಾಗಿಲು ತೆರೆದುಕೊಡುವ ಗಾಯ ಮೂರು. ಬದುವಿನಲ್ಲಿ ಪಾರ್ಥೇನಿಯಂ ಇಲ್ಲದ ಹೊಲಕ್ಕೆ, ಸುತ್ತಲೂ ಜೋಳವೋ ಸಜ್ಜೆಯೋ ಹಾಕಿ ಅಡ್ಡಗಟ್ಟಿದ ಹೊಲಕ್ಕೆ ಅಪಾಯ ಕಡಿಮೆ. ಬೀಜ ಅದೇ ಇದ್ದರೂ ಫಲ ಬೇರೆ. ಅಸ್ತಮಾದ ಲೆಕ್ಕವೂ ಬಹುಮಟ್ಟಿಗೆ ಹೀಗೆಯೇ ಇದೆ.

ನಮ್ಮ ಎದೆಯೊಳಗಿನ ಉಸಿರ್ನಾಳ ಮರದ ಕೊಂಬೆಗಳಂತೆ ಕವಲೊಡೆಯುತ್ತಾ ಹೋಗಿ ಕೂದಲೆಳೆಯಷ್ಟು ಸಣ್ಣದಾಗುತ್ತದೆ. ಒಳಗೆ ತೆಳ್ಳನೆಯ ಒಂದು ಪೊರೆ, ಹೊರಗೆ ಸುತ್ತಲೂ ಮಾಂಸದ ಎಳೆ. ಅಸ್ತಮಾ ಇರುವವರಲ್ಲಿ ಈ ಪೊರೆ ಸದಾ ಸ್ವಲ್ಪ ಊದಿಕೊಂಡು ಕೆರಳಿರುತ್ತದೆ. ಧೂಳೋ ಹೊಗೆಯೋ ತಣ್ಣನೆಯ ಗಾಳಿಯೋ ತಗಲಿದೊಡನೆ ಮಾಂಸದ ಎಳೆಗಳು ಬಿಗಿಯುತ್ತವೆ, ಅಂಟು ಕಫ ತುಂಬಿಕೊಳ್ಳುತ್ತದೆ. ಡ್ರಿಪ್ ಪೈಪಿನೊಳಗೆ ಉಪ್ಪು ಕಟ್ಟಿದ ಮೇಲೆ ಅದನ್ನು ಹೊರಗಿನಿಂದಲೂ ಹಿಸುಕಿದರೆ ಹೇಗೋ ಹಾಗೆ. ಒಳಗೆ ಹೋದ ಗಾಳಿ ಹೊರಗೆ ಬರಲಾರದೆ ಸುಯ್ಯ್ ಎಂದು ಸದ್ದು ಮಾಡುತ್ತದೆ. ರಾತ್ರಿ ಮತ್ತು ಬೆಳಗಿನ ಜಾವ ಹೆಚ್ಚು, ನಡುನಡುವೆ ಪೂರ್ತಿ ಆರಾಮ, ಮತ್ತೆ ಬರುವುದು. ಇದೇ ಇದರ ಗುರುತು. ಬೀಡಿ ಸೇದಿದ ಹಿರಿಯರಿಗೆ, ನಲವತ್ತು ವರ್ಷ ಒಲೆಯ ಮುಂದೆ ಕೂತ ತಾಯಂದಿರಿಗೆ ವರ್ಷವಿಡೀ ಇರುವ ಕೆಮ್ಮು-ಏದುಸಿರು ಹೆಚ್ಚಾಗಿ ಬೇರೆಯೇ ಕಾಯಿಲೆ. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ ಮಾಡಿಸಿ, ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಈಗ ವಂಶದ ಮಾತು. ವಂಶದಿಂದ ಬರುತ್ತದೆಯೇ ಎಂದರೆ, ಬರುತ್ತದೆ. ಆದರೆ ಬರುವುದು ಕಾಯಿಲೆಯಲ್ಲ, ಕಾಯಿಲೆಗೆ ಒಲಿಯುವ ಮೈಗುಣ. ತಂದೆ ತಾಯಿಯಲ್ಲಿ ಒಬ್ಬರಿಗೆ ಅಸ್ತಮಾ ಇದ್ದರೆ ಮಗುವಿಗೆ ಬರುವ ಸಂಭವ ಉಳಿದವರಿಗಿಂತ ಎರಡು-ಮೂರು ಪಟ್ಟು ಹೆಚ್ಚು. ಇಬ್ಬರಿಗೂ ಇದ್ದರೆ ಇನ್ನೂ ಹೆಚ್ಚು. ಅಸ್ತಮಾವೇ ಇರಬೇಕೆಂದಿಲ್ಲ. ವರ್ಷವಿಡೀ ಸೀನು, ಮೂಗು ಸೋರಿಕೆ, ಕಣ್ಣು ತುರಿಕೆ, ಮೊಣಕೈ-ಮೊಣಕಾಲಿನ ಮಡಿಕೆಯಲ್ಲಿ ತುರಿಯುವ ಇಸುಬು, ಇವೂ ಅದೇ ಮೈಗುಣದ ಬೇರೆ ಬೇರೆ ಮುಖಗಳು. ಆದ್ದರಿಂದ "ನಮ್ಮ ವಂಶದಲ್ಲಿ ಯಾರಿಗೂ ದಮ್ಮು ಇಲ್ಲ" ಎಂದು ಸೊಸೆಯ ಕಡೆ ಬೆರಳು ತೋರಿಸುವ ಮನೆಯಲ್ಲಿ ಮಾವನವರು ಬೆಳಗ್ಗೆ ಎದ್ದ ಕೂಡಲೇ ಇಪ್ಪತ್ತು ಸಲ ಸೀನುತ್ತಿದ್ದರೆ, ಆ ಬೆರಳನ್ನು ಮಡಚಿಕೊಳ್ಳುವುದು ಒಳ್ಳೆಯದು. ಈ ಮೈಗುಣ ಒಂದೇ ಬೀಜದಿಂದ ಬರುವುದೂ ಅಲ್ಲ. ಎರಡೂ ಕಡೆಯ ನೂರಾರು ಸಣ್ಣ ಅಂಶಗಳು ಕೂಡಿ ಆಗುವಂಥದು. ಒಂದೇ ಅಂಡದಿಂದ ಹುಟ್ಟಿ ರಕ್ತದಲ್ಲಿ ಏನೇನೂ ವ್ಯತ್ಯಾಸವಿಲ್ಲದ ಅವಳಿಗಳಲ್ಲೂ ಒಬ್ಬರಿಗೆ ಅಸ್ತಮಾ ಇದ್ದು ಇನ್ನೊಬ್ಬರಿಗೆ ಇಲ್ಲದಿರುವುದುಂಟು.

ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇವನ ಪಾಪವೋ ಹೆತ್ತವರ ಪಾಪವೋ ಎಂದು ಕೇಳಿದ್ದು ನಿಮಗೆ ಗೊತ್ತಿದೆ. ಯೇಸುಸ್ವಾಮಿ ಎರಡನ್ನೂ ಒಪ್ಪಲಿಲ್ಲ. ಎರಡು ಸಾವಿರ ವರ್ಷದ ಮೇಲೂ ನಾವು ಅದೇ ಪ್ರಶ್ನೆಯನ್ನು ಸೊಸೆಯಂದಿರ ಮುಂದೆ ಇಡುತ್ತಿದ್ದೇವೆ.

ರಕ್ತವೊಂದೇ ಕಾರಣವಲ್ಲ ಎಂಬುದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿಯಿದೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು 20 ವರ್ಷಗಳ ಕಾಲ ಗಮನಿಸಿ ಲೆಕ್ಕವಿಟ್ಟರು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿ ಅಸ್ತಮಾ ಇತ್ತು; 1999ರಲ್ಲಿ 29.5 ಮಕ್ಕಳಲ್ಲಿ. ಇಪ್ಪತ್ತು ವರ್ಷದಲ್ಲಿ ಒಂದು ಊರಿನ ಜನರ ರಕ್ತ ಬದಲಾಗುವುದಿಲ್ಲ. ಬದಲಾದದ್ದು ಗಾಳಿ, ವಾಹನ, ಮನೆ, ಬದುಕಿನ ರೀತಿ. ಬರಗಾಲದಲ್ಲಿ ನಮ್ಮವರು ಗುಳೆ ಹೋಗುವುದು ಅದೇ ಬೆಂಗಳೂರಿಗೆ. ಅಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ, ಬೂಷ್ಟು ಹಿಡಿದ ಗೋಡೆಯ ಪಕ್ಕದಲ್ಲಿ ಐದಾರು ಜನ ಮಲಗಿ, ಹಗಲೆಲ್ಲ ಸಿಮೆಂಟಿನ ಧೂಳಿನಲ್ಲಿ ದುಡಿಯುತ್ತಾರೆ. "ಊರಲ್ಲಿ ಆರಾಮಿದ್ದೆ, ಅಲ್ಲಿ ಹೋದ ಮೇಲೆ ಹತ್ತಿಕೊಂಡಿತು" ಎಂದು ಹೇಳುವವರ ಮಾತನ್ನು ನಾನು ನಂಬುತ್ತೇನೆ.

ಅಮೆರಿಕದ ಇನ್ನೊಂದು ಸಂಗತಿ ರೈತ ಕುಟುಂಬಗಳಿಗೆ ಸಂತೋಷ ಕೊಡುವಂಥದು. ಅಲ್ಲಿ ಆಮಿಷ್ ಮತ್ತು ಹಟರೈಟ್ ಎಂಬ ಎರಡು ಕ್ರೈಸ್ತ ಪಂಗಡಗಳಿವೆ. ಇಬ್ಬರ ಪೂರ್ವಿಕರೂ ಯೂರೋಪಿನಿಂದ ಹೋದವರು, ಇಬ್ಬರೂ ಬೇಸಾಯಗಾರರು, ರಕ್ತಸಂಬಂಧದಲ್ಲೂ ಹತ್ತಿರದವರು. ಆಮಿಷ್ ಜನ ಇಂದಿಗೂ ಕುದುರೆಯಿಂದ ಉಳುತ್ತಾರೆ, ದನದ ಕೊಟ್ಟಿಗೆ ಮನೆಯ ಪಕ್ಕದಲ್ಲೇ ಇರುತ್ತದೆ, ಮಕ್ಕಳು ಅಲ್ಲೇ ಆಡುತ್ತಾರೆ. ಹಟರೈಟರದು ದೊಡ್ಡ ಯಂತ್ರಗಳ ಬೇಸಾಯ, ಕೊಟ್ಟಿಗೆ ದೂರ. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಶಾಲೆಗೆ ಹೋಗುವ ಆಮಿಷ್ ಮಕ್ಕಳಲ್ಲಿ ನೂರಕ್ಕೆ 5ರಷ್ಟು, ಹಟರೈಟ್ ಮಕ್ಕಳಲ್ಲಿ ನೂರಕ್ಕೆ 21ರಷ್ಟು ಅಸ್ತಮಾ. ಎಳೆಯ ವಯಸ್ಸಿನಲ್ಲಿ ಕೊಟ್ಟಿಗೆಯ ಧೂಳಿನಲ್ಲಿರುವ ನಾನಾ ಜೀವಾಣುಗಳ ಪರಿಚಯವಾದ ಮೈ, ಮುಂದೆ ಸಣ್ಣಪುಟ್ಟದಕ್ಕೆಲ್ಲ ಕೆರಳುವುದಿಲ್ಲವೆಂದು ತಜ್ಞರು ಹೇಳುತ್ತಾರೆ. ಎಮ್ಮೆ ಮಾರಿಬಿಟ್ಟರೆ ಮಗುವಿನ ದಮ್ಮು ಹೋದೀತೇ ಎಂದು ಕೇಳುವವರು ಇದನ್ನು ಯೋಚಿಸಲಿ. ಹಾಗೆಂದು ಮಕ್ಕಳಿಗೆ ಕಾಯಿಸದ ಹಾಲು ಕುಡಿಸಬೇಡಿ. ಅದರಿಂದ ಬರುವ ಜ್ವರಗಳು ಬೇರೆ. ದನದಿಂದ ಅಲರ್ಜಿಯೆಂದು ಪರೀಕ್ಷೆಯಲ್ಲೇ ತಿಳಿದವರ ಮಾತೂ ಬೇರೆ.

ಆದರೆ ಕೊಟ್ಟಿಗೆ ಕೊಟ್ಟ ಈ ರಕ್ಷಣೆಯನ್ನು ನಮ್ಮ ಒಲೆ ಕಿತ್ತುಕೊಳ್ಳುತ್ತದೆ. ಶೇಂಗಾ ಗಿಡಕ್ಕೆ ಥ್ರಿಪ್ಸ್ ಹುಳು ಮಾಡಿದ ಗಾಯದ ಕೆಲಸವನ್ನು ನಮ್ಮ ಉಸಿರ್ನಾಳದಲ್ಲಿ ಮಾಡುವುದು ಮುಖ್ಯವಾಗಿ ಹೊಗೆ ಮತ್ತು ಎಳೆತನದ ಎದೆನೆಗಡಿ. ತೊಗರಿ ಕಟ್ಟಿಗೆ, ಬೆರಣಿ, ಶೇಂಗಾ ಹೊಟ್ಟು ಇವುಗಳ ಹೊಗೆ ಪೊರೆಯನ್ನು ದಿನದಿನವೂ ಸುಡುತ್ತದೆ. 1999ರಲ್ಲಿ ದೀಪಂ ಯೋಜನೆ ಬಂತು, 2016ರಲ್ಲಿ ಉಜ್ವಲ ಬಂತು, ಗ್ಯಾಸ್ ಅನೇಕ ಮನೆಗಳಿಗೆ ಬಂದಿದೆ. ಆದರೂ ನಾನು ಕಾಣುವುದೇನೆಂದರೆ, ಚಹಾ ಗ್ಯಾಸಿನ ಮೇಲೆ, ಮುದ್ದೆ-ರೊಟ್ಟಿ ಮತ್ತು ಸ್ನಾನದ ನೀರು ಕಟ್ಟಿಗೆಯ ಮೇಲೆ. ಸಿಲಿಂಡರಿನ ಬೆಲೆ ನನಗೂ ಗೊತ್ತು. ಕಟ್ಟಿಗೆ ಬಿಡಲಾಗದಿದ್ದರೆ ಒಲೆಯನ್ನಾದರೂ ಅಂಗಳಕ್ಕೆ ತನ್ನಿ, ಬಸುರಿಯನ್ನೂ ಮಡಿಲ ಮಗುವನ್ನೂ ಹೊಗೆಯಿಂದ ದೂರ ಕೂರಿಸಿ. ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಮಗುವಿನ ತಲೆಗೆ ಹೊಗೆ ಹಿಡಿಯುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿ. ಹಿರಿಯರಿಗೆ ಬೇಸರವಾದರೆ ಫಾದರ್ ಹೇಳಿದರು ಎನ್ನಿ. ಬೀಡಿಯ ವಿಷಯದಲ್ಲಿ ಹೆಚ್ಚು ಹೇಳಲಾರೆ, ಎಷ್ಟು ಹೇಳಿದರೂ ಅಷ್ಟೇ. ಮೊಮ್ಮಗ ಮಲಗುವ ಕೋಣೆಯಲ್ಲಿ ತಾತ ಸೇದುವ ಬೀಡಿ ಮೊಮ್ಮಗನೂ ಸೇದಿದಂತೆ.

ದಿನ ತುಂಬದೆ ಹುಟ್ಟಿದ ಮಗು, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು, ಮೊದಲ ಎರಡು ವರ್ಷಗಳಲ್ಲಿ ಪದೇಪದೇ ಎದೆ ಕಟ್ಟಿ ಆಸ್ಪತ್ರೆ ಸೇರಿದ ಮಗು, ಇವರಿಗೆ ಮುಂದೆ ಅಸ್ತಮಾದ ಸಂಭವ ಹೆಚ್ಚು. ಬಸುರಿಯ ಊಟ, ಮೊದಲ ಆರು ತಿಂಗಳ ಎದೆಹಾಲು, ಸಕಾಲದ ಲಸಿಕೆ, ಇವೆಲ್ಲ ಈ ಲೆಕ್ಕಕ್ಕೂ ಸೇರುತ್ತವೆ. ಚಿಕ್ಕವರಲ್ಲಿ ಗಂಡುಮಕ್ಕಳಿಗೆ ಹೆಚ್ಚು. ಮೈನೆರೆದ ಮೇಲೆ ಹೆಣ್ಣುಮಕ್ಕಳಿಗೆ ಹೆಚ್ಚು. ಅತಿ ತೂಕವೂ ಒಂದು ಕಾರಣ.

ಇನ್ನು ಕಸುಬು. ನಮ್ಮ ಜನರ ಕಸುಬಿನಲ್ಲೇ ಅಡಗಿರುವ ಅಪಾಯವನ್ನು ನಾವು ಕಡೆಗಣಿಸಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಮಡಕಶಿರ, ಹಿಂದೂಪುರದ ಕಡೆ ರೇಷ್ಮೆ ಅನೇಕ ಕುಟುಂಬಗಳಿಗೆ ಅನ್ನ ಕೊಟ್ಟಿದೆ. 1985ರಲ್ಲಿ ಪಿ.ವಿ. ಸುಬ್ಬರಾವ್ ಮತ್ತು ಅವರ ಸಂಗಡಿಗರು ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಗಳ ಕೆಲಸಗಾರರನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೆ 36ರಷ್ಟು ಜನರಿಗೆ ಅಸ್ತಮಾ ಇತ್ತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅದು ಗೂಡಿನ ಮತ್ತು ಹುಳುವಿನ ಅಂಶಗಳಿಂದಲೇ, ಅಂದರೆ ಕೆಲಸದಿಂದಲೇ ಬಂದದ್ದು. ಕಸುಬಿನ ಅಸ್ತಮಾವನ್ನು ಗುರುತಿಸುವುದು ಸುಲಭ. ಕೆಲಸದ ದಿನಗಳಲ್ಲಿ ಎದೆ ಬಿಗಿದು, ರಜೆಯಲ್ಲಿ ನಾಲ್ಕು ದಿನ ನೆಂಟರ ಊರಿಗೆ ಹೋದಾಗ ಹಗುರವಾದರೆ ಅನುಮಾನಿಸಿ. ಬೇಗ ಗುರುತಿಸಿ ಆ ಕೆಲಸದಿಂದ ದೂರವಾದವರಿಗೆ ಗುಣವಾಗುವ ಸಂಭವ ಹೆಚ್ಚು; ವರ್ಷಗಟ್ಟಲೆ ಸಹಿಸಿದವರಿಗೆ ಕೆಲಸ ಬಿಟ್ಟ ಮೇಲೂ ಉಳಿದುಬಿಡುತ್ತದೆ. ಶೇಂಗಾ ಬಿಡಿಸುವ ಮಷೀನಿನ ಮುಂದೆ ನಿಲ್ಲುವವರು, ಬೂಷ್ಟು ಹಿಡಿದ ಹೊಟ್ಟಿನ ಬಣವೆ ಕೆದರುವವರು, ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಹೆಣ್ಣುಮಕ್ಕಳು, ಬಾಯಿಗೆ ಬಟ್ಟೆಯನ್ನೂ ಕಟ್ಟದೆ ಔಷಧಿ ಹೊಡೆಯುವ ಗಂಡಸರು, ಎಲ್ಲರೂ ಇದನ್ನು ನೆನಪಿಡಬೇಕು. ಗಾಳಿಗೆ ಬೆನ್ನು ಕೊಟ್ಟು ನಿಲ್ಲುವುದು, ಒದ್ದೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟುವುದು ಏನೂ ಇಲ್ಲದ್ದಕ್ಕಿಂತ ಮೇಲು. ಔಷಧಿ ಅಂಗಡಿಯಲ್ಲಿ ಸಿಗುವ ಒಳ್ಳೆಯ ಮಾಸ್ಕ್ ಅದಕ್ಕಿಂತ ಮೇಲು. ಔಷಧಿ ಹೊಡೆಯುವವರಿಗೆ ಮಾತ್ರ ಬಟ್ಟೆ ಸಾಲದು.

ದೇವಾಲಯದ ಧೂಪವನ್ನೂ ನಾನು ಬಿಡುವಂತಿಲ್ಲ. ಹಬ್ಬದ ಪೂಜೆಯಲ್ಲಿ ಧೂಪಾರತಿ ಆಗುವಾಗ ದಮ್ಮು ಇರುವವರು ಬಾಗಿಲ ಬಳಿಯ ಬೆಂಚುಗಳಲ್ಲಿ ಕೂರಿ, ಎದ್ದು ಹೊರಗೆ ಹೋದರೂ ಯಾರೂ ತಪ್ಪು ತಿಳಿಯುವುದಿಲ್ಲ. ಧೂಪದಾನಿ ಹಿಡಿಯುವ ಪೀಠಬಾಲಕರಲ್ಲಿ ಉಬ್ಬಸವಿರುವ ಹುಡುಗನಿಗೆ ಇನ್ನು ಮುಂದೆ ಗಂಟೆ ಬಾರಿಸುವ ಕೆಲಸ.

ನಮ್ಮ ಬಿಸಿಲಿಗೆ ಮಾತ್ರ ಒಂದು ಒಳ್ಳೆಯ ಮಾತು ಹೇಳಬೇಕು. ಹಾಸಿಗೆಯ ಧೂಳಿನಲ್ಲಿರುವ, ಕಣ್ಣಿಗೆ ಕಾಣದ ನುಸಿಗಳು ಅಸ್ತಮಾಕ್ಕೆ ದೊಡ್ಡ ಕಾರಣ. ಅವಕ್ಕೆ ತೇವ ಬೇಕು, ಒಣ ಹವೆಯಲ್ಲಿ ಬದುಕಲಾರವು. ಕೌದಿ, ಕಂಬಳಿ, ದಿಂಬುಗಳನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ ಹೊರಗೆ ಕೊಡವಿದರೆ ಸಾಕು. ಕೊಡವುವುದು ದಮ್ಮು ಇಲ್ಲದವರ ಕೆಲಸ.

ಹಾಗಾದರೆ ನಿಮ್ಮ ಮನೆಯ ಲೆಕ್ಕವನ್ನು ನೀವೇ ಹಾಕುವುದು ಹೇಗೆ? ರಾತ್ರಿ ಊಟದ ಮೇಲೆ ಎಲ್ಲರೂ ಕೂತಾಗ ಎರಡೂ ಕಡೆಯ ಅಜ್ಜ-ಅಜ್ಜಿಯರವರೆಗೆ ದಮ್ಮು, ಸೀನು, ಇಸುಬು ಯಾರಿಗಿತ್ತೆಂದು ಮುಚ್ಚುಮರೆಯಿಲ್ಲದೆ ಮಾತಾಡಿ. ಮಗು ಎಷ್ಟು ತೂಕ ಹುಟ್ಟಿತು, ಎಷ್ಟು ಸಲ ಎದೆ ಕಟ್ಟಿತು ಎಂದು ನೆನಪಿಸಿಕೊಳ್ಳಿ. ಮನೆಯೊಳಗೆ ಹೊಗೆ ಎಷ್ಟು, ಕೆಲಸದಲ್ಲಿ ಧೂಳು ಎಷ್ಟು ನೋಡಿ. ಇವುಗಳಲ್ಲಿ ಮೊದಲಿನ ಎರಡನ್ನು ನಾವು ಬದಲಿಸಲಾರೆವು. ಕೊನೆಯದು ನಮ್ಮ ಕೈಯಲ್ಲಿದೆ, ಮೊದಲಿನವು ಹೆಚ್ಚಿರುವ ಮನೆ ಕೊನೆಯದರಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ಹೆಣ್ಣು ಕೊಡುವಾಗ ತರುವಾಗಲೂ ಇದನ್ನು ಬಾಯಿಬಿಟ್ಟು ಹೇಳುವುದೇ ಸರಿ. ಸರಿಯಾಗಿ ಚಿಕಿತ್ಸೆ ತೆಗೆದುಕೊಳ್ಳುವ ಹೆಣ್ಣುಮಗಳು ಹೊಲ ಮನೆ ಎರಡನ್ನೂ ನಡೆಸಬಲ್ಲಳು, ಹೆರಬಲ್ಲಳು. ಮುಚ್ಚಿಟ್ಟು ಔಷಧಿ ತಪ್ಪಿಸುವವಳಿಗೇ ಬಸುರಿಯಾದಾಗ ಅಪಾಯ.

ಇನ್‌ಹೇಲರ್ ಬಗ್ಗೆ ಒಂದು ಮಾತು, ಯಾಕೆಂದರೆ ಭಯ ಅದರ ಮೇಲೇ ಇದೆ. ಅದು ಕೊನೆಯ ಹಂತದ ಔಷಧಿಯಲ್ಲ, ಚಟ ಹತ್ತಿಸುವುದೂ ಇಲ್ಲ. ಮಾತ್ರೆ ಹೊಟ್ಟೆಗೆ ಹೋಗಿ ಮೈಯೆಲ್ಲ ಸುತ್ತಿ ಬರಬೇಕು. ಇದು ಅತಿ ಸಣ್ಣ ಪ್ರಮಾಣದಲ್ಲಿ ನೇರವಾಗಿ ಎದೆಗೆ ಹೋಗುತ್ತದೆ. ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಬತ್ತಿನಿ ಕುಟುಂಬದವರು ಕೊಡುವ ಮೀನಿನ ಔಷಧಿಗೆ ನಮ್ಮ ಕಡೆಯಿಂದಲೂ ಹೋಗುವವರಿದ್ದಾರೆ. ಹೋಗುವವರನ್ನು ನಾನು ತಡೆಯುವುದಿಲ್ಲ, ಆದರೆ ಅದನ್ನು ನಂಬಿ ಇನ್‌ಹೇಲರ್ ನಿಲ್ಲಿಸಬೇಡಿ. ನೋವಿನ ಮಾತ್ರೆಗಳಿಂದ ಕೆಲವರಿಗೆ ಏಕಾಏಕಿ ಎದೆ ಬಿಗಿಯುತ್ತದೆ. ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಉಸಿರೆಳೆದಾಗ ಪಕ್ಕೆ ಒಳಗೆ ಸೇದುವುದು, ಇವು ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿ.

ಕೊನೆಗೆ ಮತ್ತೆ ಆ ಬಿಳಿ ಹೂವಿನ ಗಿಡಕ್ಕೆ ಬರೋಣ. ಬೆಂಗಳೂರಿನಲ್ಲಿ ನಡೆದ ಅಧ್ಯಯನವೊಂದು ಅಲ್ಲಿನ ಜನರಲ್ಲಿ ನೂರಕ್ಕೆ 7 ಮಂದಿಗೆ ಪಾರ್ಥೇನಿಯಂ ಪರಾಗದಿಂದಲೇ ಮೂಗು ಸೋರುವ ಅಲರ್ಜಿ ಇದೆಯೆಂದು ತೋರಿಸಿದೆ. ಈ ಮೂಗಿನ ಅಲರ್ಜಿ ಇರುವವರಿಗೆ ಮುಂದೆ ಅಸ್ತಮಾ ಬರುವ ಸಂಭವ ಬೇರೆಯವರಿಗಿಂತ ಸುಮಾರು ಮೂರು ಪಟ್ಟು. ಶೇಂಗಾವನ್ನೂ ಮಗುವಿನ ಎದೆಯನ್ನೂ ಒಂದೇ ಪರಾಗ ಕಾಡುತ್ತಿದೆ. 1983ರಲ್ಲಿ ಮೆಕ್ಸಿಕೋದಿಂದ ತಂದು ಮರುವರ್ಷ ಬೆಂಗಳೂರಿನ ಸುತ್ತ ಬಿಟ್ಟ ಜೈಗೋಗ್ರಾಮ ಎಂಬ ಪಟ್ಟೆ ದುಂಬಿ ಮಳೆಗಾಲದಲ್ಲಿ ಇದರ ಎಲೆ ತಿನ್ನುತ್ತದೆ. ನಿಮ್ಮ ಬದುವಿನಲ್ಲಿ ಕಂಡರೆ ಕೊಲ್ಲಬೇಡಿ. ಬೀಳು ಜಾಗದಲ್ಲಿ ತಗಚೆ ಬೀಜ ಚೆಲ್ಲಿದರೆ ಅದು ಬೆಳೆದು ಪಾರ್ಥೇನಿಯಂ ಅನ್ನು ಅಡಗಿಸುತ್ತದೆ. ಬೆಳೆ ಇಡದ ಜಾಗದಲ್ಲಿ, ಹತ್ತು ಲೀಟರ್ ನೀರಿಗೆ ಒಂದೂವರೆಯಿಂದ ಎರಡು ಕಿಲೋ ಅಡುಗೆ ಉಪ್ಪು ಕರಗಿಸಿ ಬಿಸಿಲಿನಲ್ಲಿ ಸಿಂಪಡಿಸಿದರೂ ಎಳೆಯ ಗಿಡ ಒಣಗುತ್ತದೆ. ಹೊಲಕ್ಕೆ ಮಾತ್ರ ಉಪ್ಪು ಬೇಡ.

ಎಲ್ಲಕ್ಕಿಂತ ಖರ್ಚಿಲ್ಲದ್ದು ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ, ಬೇರುಸಹಿತ ಕೀಳುವುದು. ಬರುವ ಭಾನುವಾರ ಎರಡನೆಯ ಪೂಜೆಯ ನಂತರ ದೇವಾಲಯದ ಹಿಂದಿನ ಬೀಳು ಮತ್ತು ಸಮಾಧಿ ಭೂಮಿಯ ಬೇಲಿಗುಂಟ ಈ ಕೆಲಸ ಇಟ್ಟುಕೊಂಡಿದ್ದೇವೆ. ಮನೆಗೊಬ್ಬರಂತೆ ಬನ್ನಿ. ಕೈಗೆ ಹಾಕಲು ಪ್ಲಾಸ್ಟಿಕ್ ಚೀಲ, ಮೂಗಿಗೆ ಕಟ್ಟಲು ಟವೆಲ್, ಪೂರ್ತಿ ತೋಳಿನ ಅಂಗಿ ಇರಲಿ. ದಮ್ಮು, ಸೀನು, ಇಸುಬು ಇರುವವರು ಕೀಳಲು ಬರಬೇಡಿ. ಅವರು ಗುರುನಿವಾಸದ ಹಿಂದೆ ಮಜ್ಜಿಗೆ ಮತ್ತು ಮಂಡಕ್ಕಿಯ ವ್ಯವಸ್ಥೆ ನೋಡಿಕೊಳ್ಳಲಿ. ಕಿತ್ತ ಗಿಡಗಳನ್ನು ಸುಡುವುದಿಲ್ಲ, ಗುಂಡಿ ತೆಗೆಸಿದ್ದೇನೆ.

ನಿಮ್ಮ ವಿಚಾರಣಾ ಗುರುಗಳು